ಬಿಡಿಸುವ ವಿದ್ಯೆ

ಕುಡಿತ ಬಿಡಿಸುವ ವಿದ್ಯೆ ಬಾರದವರು ನಮ್ಮ ಊರಿನಲ್ಲಿ ಒಬ್ಬರೂ ಇಲ್ಲ. ಗಂಡ ಕುಡಿಯುತ್ತಾನೆಂದು ಒಬ್ಬಾಕೆ ಬಾಯಿಬಿಟ್ಟು ಹೇಳಲಿ, ಬೀದಿಯಲ್ಲಿ ಎಷ್ಟು ಮನೆಗಳಿವೆಯೋ ಅಷ್ಟು ಔಷಧ ಸಿದ್ಧವಾಗಿರುತ್ತದೆ. ದೇವರ ಮುಂದೆ ಆಣೆ ಮಾಡಿಸಿ ಎನ್ನುತ್ತಾರೆ ಒಬ್ಬರು. ಅಯ್ಯಪ್ಪನ ಮಾಲೆ ಹಾಕಿಸಿ, ನಲವತ್ತೆಂಟು ದಿನ ತಡೆದವನು ಆಮೇಲೂ ತಡೆಯುತ್ತಾನೆ ಎನ್ನುತ್ತಾರೆ ಇನ್ನೊಬ್ಬರು. ತವರಿಗೆ ಹೋಗಿ ಕೂತುಕೋ, ತಾನಾಗಿ ಬುದ್ಧಿ ಬರುತ್ತದೆ ಎನ್ನುವವರು ಕೆಲವರಾದರೆ, ಮನೆ ಬಿಟ್ಟು ಕದಲಬೇಡ, ಇನ್ನೂ ಹಾಳಾಗುತ್ತಾನೆ ಎನ್ನುವವರು ಹಲವರು. ಹುಡುಗ ಮದುವೆಯಾಗದವನಾದರಂತೂ ಔಷಧ ಒಂದೇ: ಹೆಣ್ಣು ತಂದು ಕಟ್ಟುವುದು. ಆ ಔಷಧಕ್ಕೂ ಒಂದು ಜೀವವಿದೆ, ಅದಕ್ಕೂ ಹಸಿವು ನಿದ್ದೆಗಳಿವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಹೀಗಿರುವಾಗ, ತಾಲ್ಲೂಕು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಕೆಲಸ ಮಾಡಿ ನಿವೃತ್ತಳಾದ ನಾನು, ವ್ಯಸನಮುಕ್ತಿಯ ಆಪ್ತಸಲಹೆ ಕಲಿಯಲು ಹದಿನೈದು ದಿನ ಬೆಂಗಳೂರಿಗೆ ಹೊರಟೆನೆಂದಾಗ ನಮ್ಮ ಬೀದಿಗೆ ನಗು ಬಂದದ್ದು ಸಹಜವೇ. "ಕುಡುಕರಿಗೆ ಬುದ್ಧಿ ಹೇಳೋದಕ್ಕೂ ಟ್ರೈನಿಂಗಾ ನರ್ಸಮ್ಮ?" ಎಂದರು ಎದುರುಮನೆಯವರು. "ಪಿಂಚಣಿ ಬಂದರೂ ಇವಳಿಗೆ ಡ್ಯೂಟಿ ಬಿಡಲಿಲ್ಲ" ಎಂದರು ನಮ್ಮ ಯಜಮಾನರು, ಬ್ಯಾಗಿನ ಜಿಪ್ ಎಳೆದುಕೊಡುತ್ತಾ.

ನಾನು ಹೊರಟದ್ದಕ್ಕೆ ಕಾರಣವಿತ್ತು. ಗಂಡಸರ ವಾರ್ಡಿನಲ್ಲಿ ಕಾಲು ಮುರಿದುಕೊಂಡು ಬಂದವನು ಎರಡು ದಿನ ಸುಮ್ಮನೆ ಮಲಗಿದ್ದು, ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಹಾಸಿಗೆಯ ಮೇಲೆ ಇರುವೆ ಹರಿಯುತ್ತಿದೆ, ಗೋಡೆಯ ಮೇಲೆ ಹಾವಿದೆ ಎಂದು ಕೂಗಿ ಏಳುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಗಾಳಿ ಸೋಕಿತು ಎಂದು ಮನೆಯವರು ನಿಂಬೆಹಣ್ಣು ತರುತ್ತಿದ್ದರು. ಡ್ಯೂಟಿ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಮಲಗಿಸುತ್ತಿದ್ದರು. ಹೋಗುವ ದಿನ "ಲಿವರ್ ಬಾತಿದೆ, ಇನ್ನು ಕುಡೀಬೇಡಿ" ಎಂಬ ಒಂದು ವಾಕ್ಯ. ಅಷ್ಟೇ. ಅದೇ ಮನುಷ್ಯ ಆರು ತಿಂಗಳಿಗೆ ಕಾಮಾಲೆಯಾಗಿ ಬರುತ್ತಿದ್ದ, ಮತ್ತೆ ಹೊಟ್ಟೆ ಉಬ್ಬಿ ಬರುತ್ತಿದ್ದ. ಕೊನೆಗೊಂದು ದಿನ ಹೆಂಡತಿ ಒಬ್ಬಳೇ ಬರುತ್ತಿದ್ದಳು, ಆಸ್ಪತ್ರೆಯ ಕಾಗದಪತ್ರಕ್ಕೆ. ಆ ಒಂದು ವಾಕ್ಯಕ್ಕೂ ಈ ಕಾಗದಕ್ಕೂ ನಡುವೆ ಮಾಡಬಹುದಾದದ್ದು ಏನಾದರೂ ಇರಬೇಕಲ್ಲ ಎಂದು ನನಗೆ ಅನ್ನಿಸುತ್ತಲೇ ಇತ್ತು.

2019ರ ಜುಲೈ ತಿಂಗಳು. ತರಬೇತಿಗೆ ಸೇರಿದವರು ಇಪ್ಪತ್ತೆರಡು ಜನ. ಅಂಗನವಾಡಿ ಕಾರ್ಯಕರ್ತೆಯರು, ಸಮಾಜಕಾರ್ಯ ಓದುತ್ತಿದ್ದ ಹುಡುಗ ಹುಡುಗಿಯರು, ಒಬ್ಬರು ಕ್ರೈಸ್ತ ಸನ್ಯಾಸಿನಿ, ಕುಡಿತ ಬಿಟ್ಟು ಒಂಬತ್ತು ವರ್ಷವಾಗಿದ್ದ ಒಬ್ಬ ಲಾರಿ ಡ್ರೈವರ್. ಪುಸ್ತಕ ಬಿಡಿಸುತ್ತಾರೆಂದು ಕಾದು ಕೂತರೆ, ಮೇಡಂ ಬಂದವರೇ ಹೇಳಿದರು: "ನಿಮಗೆ ಬಹಳ ಇಷ್ಟವಾದ ಒಂದು ವಸ್ತುವನ್ನು ಈ ಹದಿನೈದು ದಿನ ಬಿಡಿ. ಯಾವುದು ಅಂತ ಬರೆದು ಕೊಡಿ."

ನಾನು ಕಾಫಿ ಎಂದು ಬರೆದೆ. ಬರೆಯುವಾಗ ಕೈ ಸ್ವಲ್ಪ ಹಿಂಜರಿಯಿತು ಅನ್ನಿ. ಬೆಳಗಿನ ಫಿಲ್ಟರ್ ಕಾಫಿ ಇಲ್ಲದೆ ನನ್ನ ದಿನ ಹುಟ್ಟಿದ್ದೇ ಇಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹಣೆಗೆ ಹಗ್ಗ ಬಿಗಿದಂತೆ ತಲೆನೋವು. ಯಾರು ಮಾತಾಡಿಸಿದರೂ ಸಿಡುಕು. ಪಕ್ಕದ ಹೋಟೆಲಿನಿಂದ ಡಿಕಾಕ್ಷನ್ ವಾಸನೆ ಬಂದರೆ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ನಾಲ್ಕನೆಯ ದಿನಕ್ಕೆ ತಲೆನೋವು ಹೋಯಿತು, ಆಸೆ ಹೋಗಲಿಲ್ಲ. ದೇಹದ ಒಗ್ಗು ಬೇರೆ, ಮನಸ್ಸಿನ ಎಳೆತ ಬೇರೆ ಎಂಬುದನ್ನು ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳಲಾರದು. ಮೊದಲನೆಯದಕ್ಕೆ ಕೆಲವು ದಿನ ಸಾಕು, ಎರಡನೆಯದು ಬಹಳ ದಿನ ಬೆನ್ನು ಬಿಡುವುದಿಲ್ಲ.

ಟೀ ಬಿಟ್ಟಿದ್ದ ಒಬ್ಬ ಅಂಗನವಾಡಿ ಕಾರ್ಯಕರ್ತೆ ಐದನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಬಂದು, ಇಲ್ಲ ಎಂದುಬಿಟ್ಟರು. ಜೊತೆಗಾರ್ತಿಯೊಬ್ಬಳು ನೋಡಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು. ಮೇಡಂ ನಗಲಿಲ್ಲ. "ಐದು ರೂಪಾಯಿಯ ಟೀ. ಅದಕ್ಕೂ ಯಾಕೆ ಸುಳ್ಳು ಹೇಳಬೇಕೆನ್ನಿಸಿತು?" ಎಂದು ಮೆಲ್ಲಗೆ ಕೇಳಿದರು. ಆಕೆ ತಲೆ ತಗ್ಗಿಸಿ, "ನಾಚಿಕೆ ಆಯ್ತು ಮೇಡಂ" ಎಂದರು. ಲಾರಿ ಡ್ರೈವರ್ ಆಗ ಮೊದಲ ಸಲ ಬಾಯಿ ತೆರೆದು, "ನಾನು ಹದಿನೇಳು ವರ್ಷ ಹೇಳಿದ ಸುಳ್ಳೆಲ್ಲ ಇದೇ ಜಾತೀದು" ಎಂದರು. ಕೋಣೆ ತಣ್ಣಗಾಯಿತು.

ಆಮೇಲೆ ಪಾಠವೂ ಶುರುವಾಯಿತು. ನಮ್ಮ ಹೆಣ್ಣುಮಕ್ಕಳು ತಿಳಿದಿರಲೇಬೇಕಾದ ಒಂದೆರಡು ಮಾತನ್ನು ಇಲ್ಲಿ ಹೇಳುತ್ತೇನೆ. ವರ್ಷಗಟ್ಟಲೆ ದಿನಾ ಕುಡಿದವನು, ಬೆಳಗ್ಗೆ ಎದ್ದಕೂಡಲೇ ಕೈ ನಡುಗಿ, ಒಂದು ಗುಟುಕು ಬಿದ್ದಮೇಲೆ ನಡುಕ ನಿಲ್ಲುವಂಥವನು, ಒಮ್ಮೆಲೇ ಬಿಟ್ಟರೆ ಅಪಾಯವಿದೆ. ಕೊನೆಯ ಗ್ಲಾಸಾಗಿ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ವಾಂತಿ ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ನನ್ನ ವಾರ್ಡಿನ ಇರುವೆ, ಹಾವುಗಳು ಅವೇ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೂ ಬರುತ್ತದೆ. ಆಣೆ ಮಾಡಿ, ಮಾಲೆ ಹಾಕಿ ಬಿಡುವವರ ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ಆದರೆ ಇಂಥವರು ಬಿಡುವ ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಹತ್ತು ದಿನ ಮಾತ್ರೆ ಕೊಟ್ಟು, ಅದನ್ನು ದಿನದಿನಕ್ಕೆ ಇಳಿಸುತ್ತಾ ಕ್ಷೇಮವಾಗಿ ದಾಟಿಸುತ್ತಾರೆ. ಬರಿಯ ಗ್ಲೂಕೋಸ್ ಬಾಟಲಿ ಏರಿಸಿ ಎಂದು ಹಠ ಮಾಡುವುದು ನಮ್ಮ ಕಡೆ ರೂಢಿ. ಕುಡಿದು ಕುಡಿದು ಊಟ ಬಿಟ್ಟವನ ಮೈಯಲ್ಲಿ ಬಿ-1 ಜೀವಸತ್ವ ಬತ್ತಿಹೋಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟಾದೀತು.

ಕುಡಿತ ಎಲ್ಲಿಯವರೆಗೆ ಬಂದಿದೆ ಎಂದು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳಿವೆ. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರ ಬೇಕು. ಬೀದಿಯಲ್ಲಿ ಬಿದ್ದವನು ಮಾತ್ರ ರೋಗಿ, ಮನೆಯಲ್ಲಿ ಕೂತು ಮರ್ಯಾದೆಯಾಗಿ ಕುಡಿಯುವ ಮೇಷ್ಟರು, ಮ್ಯಾನೇಜರು ರೋಗಿಯಲ್ಲ ಎಂಬ ನಮ್ಮ ಲೆಕ್ಕವನ್ನು ಆ ಹತ್ತು ಪ್ರಶ್ನೆಗಳು ತಲೆಕೆಳಗೆ ಮಾಡುತ್ತವೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿಗೆ ಬೀಗ ಹಾಕುವುದು. ಒಬ್ಬರು ರೋಗಿಯಾಗಿ, ಇನ್ನೊಬ್ಬರು ಸಲಹೆಗಾರರಾಗಿ ಐದು ನಿಮಿಷ ಮಾತಾಡಬೇಕು. ಎಷ್ಟು ಸಲ ಉಪದೇಶ ಮಾಡಿದೆವೆಂದು ಮೂರನೆಯವರು ಗೀಟು ಹಾಕುತ್ತಾರೆ. ಮೊದಲ ದಿನ ನನ್ನ ಪಾಲಿಗೆ ಬಿದ್ದ ಗೀಟು ಹನ್ನೊಂದು! ಸನ್ಯಾಸಿನಿಯವರಿಗೆ ಹದಿನಾಲ್ಕು. "ಬಿಡಬೇಕು" ಎಂದು ನಾವು ಹೇಳಿದಷ್ಟೂ "ಬಿಡಲಾರೆ" ಎನ್ನುವುದಕ್ಕೆ ಆತ ಕಾರಣ ಹುಡುಕುತ್ತಾನೆ. ಬಿಡಲು ತನಗೇ ಇರುವ ಕಾರಣವನ್ನು ಅವನ ಬಾಯಿಂದಲೇ ಬರಿಸುವುದು ವಿದ್ಯೆ. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ 1983ರಲ್ಲಿ ಈ ದಾರಿಯ ಬಗ್ಗೆ ಮೊದಲು ಬರೆದರಂತೆ. ಹನ್ನೊಂದು ಗೀಟು ಎರಡಕ್ಕೆ ಇಳಿಯುವ ಹೊತ್ತಿಗೆ ನನ್ನ ಹದಿನೈದು ದಿನ ಮುಗಿಯುತ್ತಾ ಬಂದಿತ್ತು.

ಒಂದು ದಿನ ಪಾತ್ರ ಅದಲುಬದಲು. ನಾನು ಕುಡುಕ ಗಂಡ, ಸಮಾಜಕಾರ್ಯ ಓದುವ ಇಪ್ಪತ್ತಮೂರರ ಹುಡುಗ ನನ್ನ ಹೆಂಡತಿ. ಸೆರಗಿನ ಬದಲು ಟವೆಲ್ ಹೊದ್ದು ಬಂದವನನ್ನು ನೋಡಿ ಎಲ್ಲರಿಗೂ ನಗು. ಅವನು ನನ್ನೆದುರು ನಿಂತು, "ಮಗು ಫೀಸಿನ ದುಡ್ಡು ಎಲ್ಲಿ?" ಎಂದ. ನಾನು ಆಸ್ಪತ್ರೆಯಲ್ಲಿ ಕೇಳಿಸಿಕೊಂಡಿದ್ದ ಮಾತನ್ನೇ ಅಂದೆ: "ನೀನು ಸರಿಯಾಗಿದ್ದಿದ್ರೆ ನಾನ್ಯಾಕೆ ಕುಡೀತಿದ್ದೆ?" ಹುಡುಗನ ಮುಖ ಬಿಳಿಚಿಕೊಂಡಿತು. ಅಲ್ಲೇ ಕೂತು ಅತ್ತುಬಿಟ್ಟ. ಅವನ ಮನೆಯಲ್ಲಿ ಅವನ ತಾಯಿ ದಿನಾ ಕೇಳಿದ್ದ ಮಾತು ಅದು.

ಈ ಮಾತು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳನ್ನು ಒಳಗೇ ತಿಂದಿದೆ! ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾರೆ, ಕೊನೆಗೆ ತಾನೂ ನಂಬುತ್ತಾಳೆ. ಅದಕ್ಕೇ ತರಬೇತಿಯಲ್ಲಿ ಒಂದು ಇಡೀ ದಿನ ಮನೆಯವರಿಗೆಂದೇ ಇತ್ತು. ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟವನ್ನು 1935ರಲ್ಲಿ ಅಮೆರಿಕದಲ್ಲಿ ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಶುರುಮಾಡಿದರು. ಹದಿನಾರು ವರ್ಷದ ಮೇಲೆ, 1951ರಲ್ಲಿ, ಬಿಲ್ ಅವರ ಹೆಂಡತಿ ಲೋಯಿಸ್ ಮನೆಯವರಿಗಾಗಿ ಅಲ್-ಅನಾನ್ ಕೂಟ ಕಟ್ಟಿದರು. ಅವನ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ವಾಸಿಮಾಡುವ ಹೊಣೆಯೂ ನಿನ್ನೊಬ್ಬಳದಲ್ಲ ಎಂದು ಹೆಂಗಸೊಬ್ಬಳಿಗೆ ಹೇಳುವ ಜಾಗ ಅದು.

ನಮ್ಮ ನೆರೆಯ ಚೆನ್ನೈಯ ಶಾಂತಿ ರಂಗನಾಥನ್ ಅವರ ಕಥೆಯನ್ನೂ ಅಲ್ಲೇ ಕೇಳಿದೆ. ಕುಡಿತದಿಂದ 1979ರಲ್ಲಿ ಗಂಡನನ್ನು ಕಳೆದುಕೊಂಡ ಆಕೆ, ಅಮೆರಿಕದ ಮಿನ್ನೆಸೋಟದ ಹೇಜಲ್ಡನ್ ಎಂಬಲ್ಲಿ ಈ ಚಿಕಿತ್ಸೆಯ ತರಬೇತಿ ಪಡೆದು ಬಂದರು. ಗಂಡನ ಹೆಸರಿನಲ್ಲೇ 1980ರಲ್ಲಿ ಸಂಸ್ಥೆ ಸ್ಥಾಪಿಸಿದರು. ಅವರಿಗೆ 1992ರಲ್ಲಿ ಪದ್ಮಶ್ರೀ ಬಂತು. ವಿಧವೆಯೆಂದು ಒಳಗೆ ಕೂರಬಹುದಾಗಿದ್ದ ಹೆಂಗಸು ಕಲಿಯಲು ಹೊರಟದ್ದು ನನಗೆ ಪದ್ಮಶ್ರೀಗಿಂತ ದೊಡ್ಡದಾಗಿ ಕಂಡಿತು.

ಕಲಿತದ್ದು ಪರೀಕ್ಷೆಗೆ ಬಂದದ್ದು ಊರಿಗೆ ಮರಳಿದ ಮೇಲೆ. ಬ್ಲೌಸ್ ಹೊಲಿದು ಮನೆ ನಡೆಸುವ ಒಬ್ಬಾಕೆ ಒಂದು ಸಂಜೆ ಸೆರಗಿನಲ್ಲಿ ಪೊಟ್ಟಣ ಮುಚ್ಚಿಕೊಂಡು ಬಂದಳು. ಗಂಡ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸದವನು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನೀವೂ ನೋಡಿರುತ್ತೀರಿ, 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಚೀಟಿ, ಕೆಳಗೊಂದು ಫೋನ್ ನಂಬರ್.

"ಸಾರಿನಲ್ಲಿ ಹಾಕಿದ್ರೆ ರುಚಿ ಗೊತ್ತಾಗಲ್ವಂತೆ ನರ್ಸಮ್ಮ. ಆರು ಸಾವಿರ ಕೊಟ್ಟಿದ್ದೀನಿ. ಹಾಕ್ಲಾ?"

ಪುಡಿಯಲ್ಲಿ ಏನಿತ್ತೋ ಬಲ್ಲವರಾರು? ಹೆಸರಿಲ್ಲ, ವಿಳಾಸವಿಲ್ಲ. ಇಂಥ ಪುಡಿಗಳಲ್ಲಿ ಡೈಸಲ್ಫಿರಾಂ ಇರಬಹುದೆಂಬ ಭಯ ಡಾಕ್ಟರುಗಳಿಗಿದೆ. ಡೆನ್ಮಾರ್ಕಿನ ಇಬ್ಬರು ವಿಜ್ಞಾನಿಗಳು ಅದನ್ನು ಜಂತುಹುಳಕ್ಕೆ ಔಷಧವಾದೀತೇ ಎಂದು ತಾವೇ ನುಂಗಿ ನೋಡಿದ್ದರು. ಆಮೇಲೆ ಸ್ವಲ್ಪ ಮದ್ಯ ಕುಡಿದದ್ದೇ ತಡ, ಮುಖ ಕೆಂಪೇರಿ ಒದ್ದಾಡಿಹೋದರು. ಹಾಗೆ 1948ರಲ್ಲಿ ಅದು ಕುಡಿತದ ಚಿಕಿತ್ಸೆಗೆ ಬಂತು. ಇಂದಿಗೂ ಡಾಕ್ಟರು ಕೊಡುತ್ತಾರೆ. ಆದರೆ ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ತಿಳಿಸಿ, ಅವನು ಒಪ್ಪಿದರೆ ಮಾತ್ರ. ತಿಳಿಯದೆ ತಿಂದವನು ಎಂದಿನಂತೆ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದರೆ ಸತ್ತೇಹೋಗಬಹುದು. ಆಗ ಸಾರು ಬಡಿಸಿದ ಕೈಗೆ ಏನು ಹೆಸರು ಬರುತ್ತದೆ ಹೇಳಿ.

ಇಷ್ಟನ್ನೂ ಆಕೆಗೆ ಬಿಡಿಸಿ ಹೇಳಿ, "ಹಾಕಬೇಡಿ" ಎಂದೆ. ಅದೊಂದು ಗೀಟು ಬಿದ್ದರೆ ಬೀಳಲಿ. ಆಮೇಲೆ, "ನೀವು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಎಂದು ಕೇಳಿದೆ. ಆಕೆ ಬಹಳ ಹೊತ್ತು ಅತ್ತಳು. ಪುಡಿಯನ್ನು ನಮ್ಮ ಹಿತ್ತಿಲ ಚರಂಡಿಗೆ ಸುರಿದು, "ಚರಂಡಿಗೆ ಆರು ಸಾವಿರದ ಊಟ" ಎಂದು ಅಳುತ್ತಲೇ ನಕ್ಕಳು.

ಗುರುವಾರಕ್ಕೊಮ್ಮೆ ಬರತೊಡಗಿದಳು. ಕುಡಿದು ಬಂದ ರಾತ್ರಿ ವಾದ ಬೇಡ, ಮಾತೇನಿದ್ದರೂ ಬೆಳಗ್ಗೆ. ಗ್ಯಾರೇಜಿಗೆ ಫೋನ್ ಮಾಡಿ 'ಜ್ವರ' ಎಂದು ಅವನ ಪರವಾಗಿ ಸುಳ್ಳು ಹೇಳುವುದು ಬೇಡ. ಹೊಲಿಗೆಯ ದುಡ್ಡು ಬ್ಯಾಂಕಿಗೆ. ಕೈ ಎತ್ತಿದರೆ 181ಕ್ಕೆ ಕರೆ, ಅದರಲ್ಲಿ ಸಂಕೋಚವಿಲ್ಲ. ಇಷ್ಟನ್ನು ಕೂತು ಮಾತಾಡಿಕೊಂಡೆವು.

ನಾಲ್ಕು ತಿಂಗಳ ಮೇಲೆ ಅವನೇ ಬಂದು ಬಾಗಿಲಲ್ಲಿ ನಿಂತ. ವೈರ್ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ.

"ನಂಗೆ ಬುದ್ಧಿ ಮಾತ್ರ ಹೇಳ್ಬೇಡಿ ನರ್ಸಮ್ಮ."

"ಹೇಳಲ್ಲ. ಕೂತ್ಕೊಳ್ಳಪ್ಪ. ಕುಡಿದರೆ ನಿನಗೆ ಏನು ಹಿತವಾಗುತ್ತೆ, ಅದನ್ನ ಹೇಳು."

ಅವನು ಬೆರಗಾಗಿ ನೋಡಿದ. ಇಪ್ಪತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಹಿತವಾದದ್ದನ್ನು ಹೇಳುತ್ತಾ ಹೇಳುತ್ತಾ ಕಳೆದುಕೊಂಡದ್ದನ್ನೂ ತಾನೇ ಹೇಳಿದ. ಮರುದಿನ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಗಂಡ ಹೆಂಡತಿ ಇಬ್ಬರೂ ಹೋದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತೆಂದು ತಿಳಿಯಬೇಡಿ. ಏಳು ತಿಂಗಳು ಚೆನ್ನಾಗಿದ್ದವನು ಅವನ ತಂದೆಯ ತಿಥಿಯ ದಿನ ಮತ್ತೆ ಕುಡಿದ. "ನೋಡಿದ್ರಾ, ನಾಯಿ ಬಾಲ ಡೊಂಕು" ಎಂದಿತು ಬೀದಿ. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದರೆ ನಾವು ಹೀಗೆನ್ನುವುದಿಲ್ಲ, ಔಷಧ ಬದಲಿಸುತ್ತೇವೆ. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಮೊದಲಾದರೆ ಒಮ್ಮೆ ಹಿಡಿದವನು ತಿಂಗಳುಗಟ್ಟಲೆ ಬಿಡುತ್ತಿರಲಿಲ್ಲ. ಈ ಸಲ ಮೂರನೆಯ ದಿನ ತಾನೇ ಆಸ್ಪತ್ರೆಗೆ ಹೋಗಿದ್ದ.

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಚಟಕ್ಕೆ ಪೂರ್ತಿ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ. ನಮ್ಮ ರಾಜ್ಯದಲ್ಲಿ ಹೆಂಗಸರು ಹೋರಾಡಿದ ಮೇಲೆ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅಂಗಡಿಯಲ್ಲಿ ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. ಅಂಗಡಿ ಮುಚ್ಚಿಸುವ ಹೋರಾಟ ಇರಲಿ, ಕುಡಿಯುವವನ ಮುಂದೆ ಕೂತು ಕೇಳಿಸಿಕೊಳ್ಳಲು ಕಲಿತವರೂ ಊರಿಗೆ ನಾಲ್ಕು ಜನ ಬೇಕು. ಯಾರೂ ಸಿಗದ ಊರಿನವರು 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಅದು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಗುರುವಾರ ಮಧ್ಯಾಹ್ನ ಈಗ ನಮ್ಮ ಮನೆಯ ನಡುಮನೆಯಲ್ಲಿ ಏಳೆಂಟು ಹೆಂಗಸರು ಸೇರುತ್ತಾರೆ. ಬ್ಲೌಸ್ ಹೊಲಿಯುವಾಕೆ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸುತ್ತಾಳೆ. ಹೊಸಬರು ಯಾರಾದರೂ ಬಂದು ಬಾಗಿಲ ಬಳಿ ತಡವರಿಸಿದರೆ ಕೈ ಹಿಡಿದು ಒಳಗೆ ಕರೆತರುತ್ತಾಳೆ. ಆಣೆ, ಮಾಲೆ, ಪುಡಿ, ಯಾವ ಮಾತನ್ನೂ ಎತ್ತುವುದಿಲ್ಲ. "ಊಟ ಆಯ್ತಾ?" ಎಂದು ಕೇಳುತ್ತಾಳೆ, ಉತ್ತರ ಬರುವವರೆಗೆ ಕಾಯುತ್ತಾಳೆ.