ನೀಲಿ ಪರದೆಯಿಲ್ಲದ ತಪ್ಪು

ಪರೀಕ್ಷೆಗೆಂದು ಹಚ್ಚಿದ ಪ್ರೈಮ್95ರಲ್ಲಿ ಕೋರಿಗೊಂದು ವರ್ಕರ್. ಒಂದು, ಎರಡು, ನಾಲ್ಕನೆಯವು ಓಡುತ್ತಲೇ ಇವೆ. ಮೂರನೆಯದು ಮಾತ್ರ ನಿಂತಿದೆ. ನೀಲಿ ಪರದೆ ಬಂದಿಲ್ಲ, ಮೌಸ್ ಓಡಾಡುತ್ತಿದೆ, ಹಾಡು ಕೂಡ ಕೇಳುತ್ತಿದೆ. ನಿಂತ ವಿಂಡೋದಲ್ಲಿ ಒಂದೇ ಸಾಲು: ರೌಂಡಿಂಗ್ ವ್ಯತ್ಯಾಸ 0.4ಕ್ಕಿಂತ ಕಡಿಮೆ ಇರಬೇಕಿತ್ತು, 0.5 ಬಂದಿದೆ. "ವೋಲ್ಟೇಜ್ ಸಾಲ್ತಿಲ್ಲ ಮಾವ" ಅಂದವನೇ ಅಕ್ಕನ ಮಗ ಮತ್ತೆ ಬಯಾಸ್‌ಗೆ ಹೋದ. ನಾನು ಆ ಸಾಲನ್ನು ಬರೆದಿಟ್ಟುಕೊಂಡೆ.

ಯಂತ್ರದ ವಿವರ. ಇಂಟೆಲ್ ಕೋರ್ 2 ಕ್ವಾಡ್ ಕ್ಯೂ6600, ಜಿ0 ಸ್ಟೆಪಿಂಗ್, 2007ರ ಕಾಲದ್ದು. ಪಿ35 ಚಿಪ್‌ಸೆಟ್‌ನ ಮದರ್‌ಬೋರ್ಡ್, ಡಿಡಿಆರ್2-800 ರ‍್ಯಾಮ್. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು. ಓವರ್‌ಕ್ಲಾಕ್, ಅಂದರೆ ಕಂಪನಿ ಕೊಟ್ಟ ವೇಗ ಮೀರಿ ಓಡಿಸುವುದನ್ನು, ಕಲಿಯುವುದಕ್ಕೆ ಇದೇ ಸರಿ ಎನ್ನುತ್ತಾನೆ ಹುಡುಗ. ಸುಟ್ಟರೂ ನಷ್ಟ ಚಿಕ್ಕದು. ಈಗಿನ ಪ್ರೊಸೆಸರ್‌ಗಳು ತಾವೇ ಮಾಡಿಕೊಳ್ಳುವ ಎಷ್ಟೋ ಹೊಂದಾಣಿಕೆಗಳನ್ನು ಇದರಲ್ಲಿ ಕೈಯಾರೆ ಮಾಡಬೇಕು. ಕಂಪನಿ ಕೊಟ್ಟ ವೇಗ 266 ಮೆಗಾಹರ್ಟ್ಸ್ ಬಸ್ಸಿನ ಒಂಬತ್ತು ಪಟ್ಟು, ಅಂದರೆ 2.4 ಗಿಗಾಹರ್ಟ್ಸ್. ಅವನು ಕೂರಿಸಿರುವುದು 400ರ ಒಂಬತ್ತು ಪಟ್ಟು, 3.6.

ಪ್ರೈಮ್95 ಹುಟ್ಟಿದ್ದು ಕಂಪ್ಯೂಟರನ್ನು ದಣಿಸುವುದಕ್ಕಲ್ಲ. ಮೆರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಜಿಂಪ್ಸ್ ಯೋಜನೆಗಾಗಿ, 1996ರಲ್ಲಿ. ಬಹಳ ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಗುಣಿಸುವುದು ಅದರ ಕೆಲಸ. ಗುಣಾಕಾರ ನಡೆಯುವುದು ದಶಮಾಂಶಗಳಲ್ಲಿ, ಆದರೆ ಉತ್ತರದ ಪ್ರತಿ ತುಣುಕೂ ಕೊನೆಗೆ ಒಂದು ಪೂರ್ಣಾಂಕಕ್ಕೆ ತೀರ ಹತ್ತಿರ ಬಂದು ನಿಲ್ಲಬೇಕು. 17.02 ಬಂದರೆ ಅದು 17 ಎಂದು ಧೈರ್ಯವಾಗಿ ಹೇಳಬಹುದು. 17.5 ಬಂದರೆ? ಹದಿನೇಳೋ ಹದಿನೆಂಟೋ ಹೇಳಲು ದಾರಿಯೇ ಇಲ್ಲ. ಆಗ ಪ್ರೋಗ್ರಾಂ ಕೆಲಸ ನಿಲ್ಲಿಸುತ್ತದೆ. ಆ 0.5ರ ಅರ್ಥ ಇದು.

ನನ್ನನ್ನು ಕಾಡುವುದು ಇದರ ಮುಂದಿನ ಮಾತು. ತಾನು ಮಾಡಿದ ಲೆಕ್ಕ ತಪ್ಪು ಎಂದು ತಿಳಿಯುವ ಶಕ್ತಿ ಈ ಪ್ರೋಗ್ರಾಮಿಗಿದೆ. ಅದೇ ಯಂತ್ರದ ಮೇಲೆ ಓಡುವ ಲೆಕ್ಕಪತ್ರದ ಹಾಳೆಗೆ ಆ ಶಕ್ತಿ ಇಲ್ಲ, ಫೋಟೊ ಎಡಿಟರಿಗೂ ಇಲ್ಲ. ಇದೇ ಕೋರಿನಲ್ಲಿ, ಇದೇ ಕ್ಷಣದಲ್ಲಿ ಅವು ಓಡುತ್ತಿದ್ದರೆ ತಪ್ಪು ಉತ್ತರವನ್ನೇ ಸರಿಯೆಂದು ಬರೆದಿಟ್ಟು ಮುಂದಕ್ಕೆ ಹೋಗುತ್ತಿದ್ದವು.

ತಪ್ಪಾಗುವುದು ಹೇಗೆ? 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಗಡಿಯಾರದ ಬಡಿತಕ್ಕೂ ಮುಂದಿನದಕ್ಕೂ ನಡುವೆ ಸುಮಾರು 0.42 ನ್ಯಾನೋಸೆಕೆಂಡ್. 3.6ರಲ್ಲಿ 0.28. ಅಷ್ಟರೊಳಗೆ ಸಂಕೇತ ಒಂದು ತುದಿಯಿಂದ ಹೊರಟು, ಹತ್ತಾರು ಟ್ರಾನ್ಸಿಸ್ಟರ್‌ಗಳನ್ನು ದಾಟಿ, ಇನ್ನೊಂದು ತುದಿಯಲ್ಲಿ ನೆಲೆ ನಿಲ್ಲಬೇಕು. ಎಲ್ಲ ದಾರಿಗಳೂ ಒಂದೇ ಉದ್ದ ಇಲ್ಲ. ಊಟದ ಪಂಕ್ತಿಯಲ್ಲಿ ಕೊನೆಯ ಎಲೆಗೆ ಅನ್ನ ಬೀಳುವ ಮುನ್ನವೇ ಸಾರಿನವರು ಬಂದುಬಿಟ್ಟ ಹಾಗೆ, ಅತಿ ಉದ್ದದ ದಾರಿಯಲ್ಲಿರುವ ಬಿಟ್ ಮಾತ್ರ ಹಿಂದಿನ ಬಡಿತದ ಬೆಲೆಯನ್ನೇ ಹಿಡಿದುಕೊಳ್ಳುತ್ತದೆ. ಉಳಿದವು ಸರಿ. ಆದ್ದರಿಂದಲೇ ತಪ್ಪು ಅಪರೂಪ. ಕೆಲವು ಸೂಚನೆಗಳು ಕೆಲವು ಅಂಕಿಗಳ ಜೊತೆ ಸೇರಿದಾಗ ಮಾತ್ರ ತಲೆಯೆತ್ತುತ್ತದೆ.

ವೋಲ್ಟೇಜ್ ಏರಿಸಿದರೆ ಟ್ರಾನ್ಸಿಸ್ಟರ್ ಚುರುಕಾಗುತ್ತದೆ, ನಿಜ. ಬೆಲೆಯನ್ನೂ ಲೆಕ್ಕ ಹಾಕಿ ನೋಡಿದೆ. ವಿದ್ಯುತ್ ಬಳಕೆ ವೇಗಕ್ಕೆ ನೇರ ಅನುಪಾತದಲ್ಲಿ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. 1.25ರಿಂದ 1.40 ವೋಲ್ಟ್, 2.4ರಿಂದ 3.6: ವೇಗ ಒಂದೂವರೆ ಪಟ್ಟು, ವಿದ್ಯುತ್ ಹೆಚ್ಚುಕಡಿಮೆ 1.9 ಪಟ್ಟು. ಅಷ್ಟೂ ಬಿಸಿಯಾಗಿ ಹೊರಬರಬೇಕು, ಬಿಸಿಯೇರಿದಂತೆ ತಪ್ಪಿನ ಸಾಧ್ಯತೆಯೂ ಏರುತ್ತದೆ. ಔಷಧಿಯೇ ಕಾಯಿಲೆಯನ್ನು ಸಾಕುತ್ತದೆ. ಏನೇ ತೊಂದರೆ ಕಂಡರೂ ಮೊದಲು ವೋಲ್ಟೇಜಿಗೆ ಕೈಹಾಕುವುದು ತಪ್ಪು ಅಭ್ಯಾಸ ಎಂದು ನನಗೆ ಗಟ್ಟಿಯಾಗಿ ಅನ್ನಿಸತೊಡಗಿದೆ.

ಇದಕ್ಕೂ ಮುಂಚಿನ ಒಗಟು. 400 ಎಂದು ಕೊಟ್ಟು ಸೇವ್ ಮಾಡಿದರೆ ಯಂತ್ರ ಏಳಲೇ ಇಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕತ್ತಲು. ಬೋರ್ಡಿನ ಬ್ಯಾಟರಿ ತೆಗೆದು, ಜಂಪರ್ ಹಾಕಿ ಹಳೆಯ ಸ್ಥಿತಿಗೆ ತಂದದ್ದಾಯಿತು. ಪ್ರೊಸೆಸರ್ ಸೋತಿತು ಎಂದುಕೊಂಡರೆ ಅದಕ್ಕೆ ಈ ವಿಷಯದಲ್ಲಿ ಪಾತ್ರವೇ ಇರಲಿಲ್ಲ. ರ‍್ಯಾಮಿನ ವೇಗವೂ ಬಸ್ಸಿಗೇ ಕಟ್ಟಿಕೊಂಡಿದೆ. 266ರಲ್ಲಿ ರ‍್ಯಾಮ್ 800 ಆಗುವ ಅನುಪಾತ 2:3. ಅದನ್ನು ಹಾಗೆಯೇ ಬಿಟ್ಟು ಬಸ್ಸನ್ನು 400ಕ್ಕೆ ಏರಿಸಿದರೆ ರ‍್ಯಾಮ್ 1200ಕ್ಕೆ ಓಡಬೇಕು! ಅನುಪಾತವನ್ನು 1:1 ಮಾಡಿದ ಮೇಲೆ ಅದು ತನ್ನ 800ಕ್ಕೇ ಬಂತು, ಯಂತ್ರ ಎದ್ದಿತು.

ಬಯಾಸ್‌ನಲ್ಲಿ 1.40 ಕೊಟ್ಟಿದ್ದಾನೆ. ವಿಂಡೋಸ್‌ನಲ್ಲಿ ಸುಮ್ಮನಿದ್ದಾಗ ಅದಕ್ಕಿಂತ ಕಡಿಮೆ ತೋರಿಸುತ್ತದೆ, ಭಾರ ಬಿದ್ದಾಗ ಇನ್ನೂ ಕಡಿಮೆ. ಬೋರ್ಡ್ ಮೋಸ ಮಾಡುತ್ತಿದೆ ಎನ್ನುವುದು ಅವನ ಮೊದಲ ಅನುಮಾನ. ಓದಿ ನೋಡಿದರೆ ಈ ಇಳಿತ ಬೇಕೆಂದೇ ಇಟ್ಟದ್ದು. ಭಾರ ತಟ್ಟನೆ ಇಳಿದ ಗಳಿಗೆಯಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಮೊದಲೇ ತಗ್ಗಿನಲ್ಲಿದ್ದರೆ ಆ ಚಿಮ್ಮುವಿಕೆ ಮಿತಿಯೊಳಗೆ ಉಳಿಯುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆ ಈ ತಗ್ಗನ್ನು ಅಳಿಸುತ್ತದೆ, ಆಗ ಚಿಮ್ಮುವಿಕೆ ಮಿತಿ ದಾಟಬಹುದು. ಮಾಪಕ ತಂತ್ರಾಂಶದಲ್ಲಿ ಅದು ಕಾಣುವುದೂ ಇಲ್ಲ, ಅಷ್ಟು ಕ್ಷಣಿಕ.

ಕೂಲರ್ ಬದಲಾಯಿಸಿದ ಮೇಲೆ ಸ್ಥಿತಿ ಹದಗೆಟ್ಟದ್ದು ನನಗೆ ಅತಿ ವಿಚಿತ್ರವಾಗಿ ಕಂಡಿತು. ಪೆಟ್ಟಿಗೆಯ ಜೊತೆ ಬರುವ ಚಿಕ್ಕ ಫ್ಯಾನ್ ತೆಗೆದು ಎತ್ತರದ ಟವರ್ ಕೂಲರ್ ಹಾಕಿದ. ಕೋರುಗಳ ಉಷ್ಣತೆ ಚೆನ್ನಾಗಿ ಇಳಿಯಿತು. ಆದರೆ ಅರ್ಧ ಗಂಟೆಯಾದ ಮೇಲೆ ಯಂತ್ರ ತಾನಾಗಿ ರೀಸ್ಟಾರ್ಟ್. ತಣ್ಣಗಿರುವ ಪ್ರೊಸೆಸರ್ ಯಾಕೆ ಬೀಳಬೇಕು? ಸಾಕೆಟ್ಟಿನ ಪಕ್ಕದ ಮಾಸ್ಫೆಟ್‌ಗಳ ಹತ್ತಿರ ಕೈ ತಂದಾಗ ಗೊತ್ತಾಯಿತು. ಹಳೆಯ ಫ್ಯಾನ್ ಗಾಳಿಯನ್ನು ಕೆಳಕ್ಕೆ, ಬೋರ್ಡಿನ ಮೇಲೆ ಊದುತ್ತಿತ್ತು. ಹೊಸದು ಅಡ್ಡಕ್ಕೆ ಊದುತ್ತದೆ. ವೋಲ್ಟೇಜ್ ತಯಾರಿಸುವ ಭಾಗಕ್ಕೆ ಗಾಳಿಯೇ ಇಲ್ಲ. ಅಲ್ಲಿಗೊಂದು ಪುಟ್ಟ ಫ್ಯಾನ್ ತಿರುಗಿಸಿಟ್ಟ ಮೇಲೆ ರೀಸ್ಟಾರ್ಟ್ ನಿಂತಿತು.

ಎಲ್ಲವನ್ನೂ ಕಂಪನಿಯ ಸೆಟ್ಟಿಂಗ್‌ಗೆ ಇಳಿಸಿದರೂ ವಿಂಡೋಸ್ ಬೀಳುತ್ತಿದ್ದ ದಿನಗಳೂ ಇದ್ದವು. ಚಿಪ್ಪೇ ಕೆಟ್ಟಿತೇ ಎಂದು ಹುಡುಗ ಮಂಕಾಗಿದ್ದ. ಕೆಟ್ಟದ್ದು ಡಿಸ್ಕಿನ ಮೇಲಿನ ಫೈಲುಗಳು. ರ‍್ಯಾಮ್ ತಪ್ಪುತ್ತಿದ್ದಾಗ ವಿಂಡೋಸ್ ಅಪ್‌ಡೇಟ್ ನಡೆದಿತ್ತು. ಮೆಮೊರಿಯಲ್ಲಿ ಕೆಟ್ಟದ್ದು ಡಿಸ್ಕಿಗಿಳಿದು ಕಾಯಂ ಆಯಿತು. ಮೊದಲು ಮೆಮ್‌ಟೆಸ್ಟ್86+ ಪೆನ್‌ಡ್ರೈವಿನಿಂದ ಓಡಿಸಿ, ಅದು ಒಂದೂ ತಪ್ಪಿಲ್ಲದೆ ಮುಗಿದ ಮೇಲಷ್ಟೇ ವಿಂಡೋಸ್ ತೆರೆಯಬೇಕು ಎಂಬ ಕ್ರಮದ ಹಿಂದಿರುವ ಕಾರಣ ಇದು.

ತಪ್ಪು ಒಂದು ಕಡೆ, ದೂರು ಇನ್ನೊಂದು ಕಡೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗಲಾಟೆ ನೆನಪಾಗುತ್ತದೆ. ಆಟ ತೆರೆದರೆ ವಿಡಿಯೊ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಜನ ಗ್ರಾಫಿಕ್ಸ್ ಕಾರ್ಡನ್ನು ಅನುಮಾನಿಸಿದರು. ನಿಜದಲ್ಲಿ ಕುಗ್ಗಿಸಿಟ್ಟ ಡೇಟಾವನ್ನು ಬಿಡಿಸುವಾಗ ಪ್ರೊಸೆಸರ್ ತಪ್ಪುತ್ತಿತ್ತು. 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು: ಅತಿಯಾದ ವೋಲ್ಟೇಜ್ ಚಿಪ್ಪನ್ನು ಸವೆಸಿ, ಅದು ಸರಿಯಾಗಿ ಓಡಲು ಬೇಕಾದ ಕನಿಷ್ಠ ವೋಲ್ಟೇಜನ್ನೇ ಮೇಲಕ್ಕೆ ಸರಿಸುತ್ತಿತ್ತು. ಮೈಕ್ರೋಕೋಡ್ ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಈ ತಪ್ಪುಗಳು ಓವರ್‌ಕ್ಲಾಕ್ ಮಾಡದ ಯಂತ್ರಗಳಲ್ಲೂ ನಡೆದವು.

ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2005ರಲ್ಲಿ ಬರೆದದ್ದೂ ಇದೇ ಜಾತಿಯದು. ಒಂದು ಕ್ರ್ಯಾಶ್ ವರದಿಯಲ್ಲಿ ಬಿದ್ದ ಜಾಗ ಒಂದು ರಿಜಿಸ್ಟರನ್ನು ಸೊನ್ನೆ ಮಾಡುವ ಸೂಚನೆ. ಅದು ಬೀಳುವುದಕ್ಕೆ ಕಾರಣವೇ ಇಲ್ಲ, ಅದು ಮೆಮೊರಿಯನ್ನು ಮುಟ್ಟುವುದೂ ಇಲ್ಲ. ವಿಚಾರಿಸಿದರೆ ಹೆಚ್ಚಿನವು ಓವರ್‌ಕ್ಲಾಕ್ ಮಾಡಿದ ಯಂತ್ರಗಳು. ಕೆಲವರಿಗಂತೂ ತಮ್ಮ ಯಂತ್ರ ಹಾಗಿದೆಯೆಂದೇ ಗೊತ್ತಿರಲಿಲ್ಲ, ಮಾರಿದವರು ಮಾಡಿಟ್ಟಿದ್ದರು. ನಡೆಯಲಾರದ್ದು ನಡೆದ ಆ ಸಾಲಿನ ಮುಂದೆ ಕೂತು ತಮ್ಮ ಕೋಡಿನಲ್ಲಿ ದೋಷ ಹುಡುಕಿರಬಹುದಾದ ಎಂಜಿನಿಯರುಗಳ ಬಗ್ಗೆ ಮರುಕವಾಗುತ್ತದೆ.

2011ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಸುಮಾರು ಹತ್ತು ಲಕ್ಷ ಪಿಸಿಗಳ ಕ್ರ್ಯಾಶ್ ಮಾಹಿತಿ ಪರಿಶೀಲಿಸಿದರು. ಸ್ವಲ್ಪವೇ ಓವರ್‌ಕ್ಲಾಕ್ ಮಾಡಿದರೂ ವೈಫಲ್ಯ ಹೆಚ್ಚು ಎಂದು ಕಂಡಿತು. ಅದಕ್ಕಿಂತ ನನ್ನ ಕುತೂಹಲ ಕೆರಳಿಸಿದ್ದು ಇನ್ನೊಂದು: ಕಂಪನಿಯ ವೇಗಕ್ಕಿಂತ ತುಸು ನಿಧಾನವಾಗಿ ಓಡುತ್ತಿದ್ದವು ಇನ್ನೂ ಕಡಿಮೆ ಕೆಡುತ್ತಿದ್ದವು. ಹಾಗಾದರೆ ಕಂಪನಿ ಬರೆದ ವೇಗದ ಆಚೆಗೆ ಅಪಾಯ, ಈಚೆಗೆ ಕ್ಷೇಮ ಎಂಬ ಗೆರೆಯೇ ಇಲ್ಲ. ಇಳಿಜಾರು ಮೊದಲಿನಿಂದಲೂ ಇದೆ.

ಮೂರನೆಯ ಕೋರಿನ ವಿಚಾರ. ಕ್ಯೂ6600ರೊಳಗೆ ಎರಡೆರಡು ಕೋರುಗಳ ಎರಡು ಬೇರೆ ಸಿಲಿಕಾನ್ ತುಂಡುಗಳಿವೆ. ಒಂದೇ ವೋಲ್ಟೇಜ್, ಆದರೆ ಎರಡೂ ತದ್ರೂಪು ಆಗಿರಬೇಕೆಂದಿಲ್ಲ. ಅನುಮಾನವನ್ನು ಬೇರ್ಪಡಿಸಲು ಅವನೇ ಒಂದು ಉಪಾಯ ಹೂಡಿದ, ಇಡೀ ಪ್ರಯೋಗದಲ್ಲಿ ನನಗೆ ಮೆಚ್ಚುಗೆಯಾದದ್ದು ಇದು. ಬಸ್ಸನ್ನು 400ರಲ್ಲೇ ಬಿಟ್ಟು ಒಂಬತ್ತು ಪಟ್ಟನ್ನು ಆರಕ್ಕೆ ಇಳಿಸಿದ. 400ರ ಆರು ಪಟ್ಟು: 2.4. ಪ್ರೊಸೆಸರ್ ತನ್ನ ಸಹಜ ವೇಗದಲ್ಲಿ, ಚಿಪ್‌ಸೆಟ್ ಮಾತ್ರ ಹೊಸ ವೇಗದಲ್ಲಿ. ರಾತ್ರಿಯಿಡೀ ಪ್ರೈಮ್95ರ ಬ್ಲೆಂಡ್ ಪರೀಕ್ಷೆ ತಪ್ಪಿಲ್ಲದೆ ಓಡಿತು. ಹಾಗಾಗಿ ಬೋರ್ಡ್ ಮತ್ತು ರ‍್ಯಾಮ್ ಮೇಲಿನ ಅನುಮಾನ ಹೋಯಿತು, ಉಳಿದದ್ದು ಸಿಲಿಕಾನ್. ಈಗ ಬಸ್ 356, ಒಂಬತ್ತು ಪಟ್ಟು, 3.2. ವೋಲ್ಟೇಜೂ ಕೆಳಗೆ ಬಂದಿದೆ.

ಮನೆ ಬಳ್ಳಾರಿಯಲ್ಲಿ. ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಕೋರಿನದೂ ಸರಿಸುಮಾರು ಅಷ್ಟೇ ಏರುತ್ತದೆ. ಜನವರಿಯಲ್ಲಿ ಪಾಸಾದ ಪರೀಕ್ಷೆ ಏಪ್ರಿಲ್ ಮಧ್ಯಾಹ್ನಕ್ಕೆ ಸಾಕ್ಷಿಯಾಗದು. ಬೇಸಿಗೆಯಲ್ಲಿ ಮತ್ತೆ ಓಡಿಸಬೇಕೆಂದು ಬರೆಸಿದ್ದೇನೆ.

ಎಷ್ಟು ಗಂಟೆ ಓಡಿದರೆ ಸಾಕು ಎಂದು ಕೇಳಿದೆ. ಕೆಲವರು ಎಂಟು ಅನ್ನುತ್ತಾರೆ, ಕೆಲವರು ಇಪ್ಪತ್ತನಾಲ್ಕು. ಪರೀಕ್ಷೆ ಹೇಳುವುದು ಅಷ್ಟು ಹೊತ್ತು, ಆ ಲೆಕ್ಕದಲ್ಲಿ, ಆ ಸೆಖೆಯಲ್ಲಿ ತಪ್ಪು ಕಾಣಲಿಲ್ಲ ಎಂದಷ್ಟೆ. ಈ ಯಂತ್ರದಲ್ಲಿ ಅವನ ಕಾಲೇಜು ಪ್ರಾಜೆಕ್ಟಿನ ಸಿಮ್ಯುಲೇಷನ್ ಕೂಡ ಓಡಬೇಕಂತೆ. "3.2ರಲ್ಲಿ ಒಂದ್ಸಲ, 2.4ರಲ್ಲಿ ಒಂದ್ಸಲ ಓಡಿಸ್ತೀನಿ ಮಾವ, ಎರಡೂ ಉತ್ತರ ಒಂದೇ ಬಂದ್ರೆ ವರದಿಗೆ ಹಾಕ್ತೀನಿ" ಅಂದ. ಎರಡು ಸಲವೂ 2.4ರಲ್ಲೇ ಓಡಿಸು ಅಂದೆ.