ಕ್ಲೀವ್‌ಡನ್ನಿನ ಕಡಲ ಧಕ್ಕೆ

ಬ್ರಿಸ್ಟಲ್ ನಗರದಲ್ಲಿ ನೌಕರಿಯಲ್ಲಿರುವ ನನ್ನ ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಕಳೆದ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋಗಿದ್ದೆನು. ಆ ಊರಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡಬೇಕೆಂದಿದ್ದುದು ರಾಜಾ ರಾಮಮೋಹನ ರಾಯರ ಸಮಾಧಿಯನ್ನು. 1833ರಲ್ಲಿ ಆ ಮಹನೀಯರು ಅಲ್ಲಿಯೇ ದೇಹವಿಟ್ಟರೆಂಬುದನ್ನು ವಾಚಕರು ಬಲ್ಲರು. ಆ ದರ್ಶನವಾದ ಮರುದಿನ ಮಗನು, "ಅಪ್ಪಾ, ಕಡಲು ಕಾಣದೆ ನಿಮಗೆ ಊಟ ಸೇರುವುದಿಲ್ಲ, ಬನ್ನಿ" ಎಂದು, ಅಲ್ಲಿಗೆ ಪಶ್ಚಿಮದಲ್ಲಿ ಸುಮಾರು 13 ಮೈಲಿ ದೂರದ ಕ್ಲೀವ್‌ಡನ್ ಎಂಬ ಊರಿಗೆ ಕರೆದೊಯ್ದನು.

ಶರಾವತಿಯ ದಡದಲ್ಲಿ ಬೆಳೆದವನಾದ ನನಗೆ ಆ ಕಡಲು ಮೊದಲು ಮೆಚ್ಚಿಗೆಯಾಗಲಿಲ್ಲವೆಂದೇ ಹೇಳಬೇಕು. ನೀರು ಕೆಸರಿನ ಬಣ್ಣ. ಅಲೆಗಳಲ್ಲಿ ನಮ್ಮ ಕಡಲಿನ ಗಾಂಭೀರ್ಯವಿಲ್ಲ. ಸೆವರ್ನ್ ನದಿಯು ಸಮುದ್ರವನ್ನು ಕೂಡುವ ಅಳಿವೆಯದು. ಆದರೆ ಅಲ್ಲಿಯ ಉಬ್ಬರ-ಇಳಿತಗಳು ಲೋಕಪ್ರಸಿದ್ಧವಾದುವು. ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಹೆಚ್ಚೆಂದರೆ ಒಂದಾಳೆತ್ತರ. ಅಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಸಮಯದಲ್ಲಿ 40 ಅಡಿಗೂ ಮೀರುವುದು. ನಾವು ಹೋದಾಗ ಇಳಿತ. ಕೆಸರುಬಯಲಿನ ನಡುವೆ, ಕೊಕ್ಕರೆಗಳು ಸಾಲಾಗಿ ನಿಂತಂತೆ, ತೆಳುವಾದ ಉದ್ದನೆಯ ಕಾಲುಗಳ ಮೇಲೆ ಕಬ್ಬಿಣದ ಧಕ್ಕೆಯೊಂದು ಸಾವಿರ ಅಡಿ ದೂರ ಸಮುದ್ರದೊಳಕ್ಕೆ ಚಾಚಿ ನಿಂತಿತ್ತು. ಉಗಿಹಡಗುಗಳು ಯಾವ ವೇಳೆಯಲ್ಲಿ ಬಂದರೂ ಜನರು ಹತ್ತಿಳಿಯಲೆಂದು 1869ರಲ್ಲಿ ಕಟ್ಟಿದುದು ಅದು.

ಆ ಕಾಲುಗಳ ಕಥೆ ಸ್ವಾರಸ್ಯವಾದುದು. ರೈಲುಹಳಿಯ ಕೆಳಗೆ ಅಡ್ಡಮರಗಳನ್ನು ಇಡುವರಷ್ಟೆ? ಬಾರ್ಲೋ ಎಂಬ ಶಿಲ್ಪಿಯು ಕವುಚಿದ ದೋಣಿಯಂತೆ ಅಡಿಯಗಲವಾದ ಒಂದು ಹಳಿಯನ್ನು ಕಲ್ಪಿಸಿ, ಇದಕ್ಕೆ ಅಡ್ಡಮರವೇ ಬೇಡ, ಜಲ್ಲಿಯ ಮೇಲೆ ತಾನೇ ಕೂರುವುದೆಂದು ಭಾವಿಸಿದನು. ಗಾಡಿಗಳು ಓಡತೊಡಗಿದ ಮೇಲೆ ಜೋಡಿಹಳಿಗಳು ಆಚೀಚೆ ಸರಿದು ಅಂತರ ಕೆಡತೊಡಗಿತು. ದಕ್ಷಿಣ ವೇಲ್ಸಿನ ರೈಲುದಾರಿಯಿಂದ ಹಾಗೆ ಕಿತ್ತುಹಾಕಿದ ಹಳಿಗಳನ್ನೇ ತಂದು, ಬೆನ್ನಿಗೆ ಬೆನ್ನು ಕೂಡಿಸಿ ಬೆಸೆದು, ಈ ಧಕ್ಕೆಯ ಕಾಲುಗಳನ್ನು ಮಾಡಿದರು. ಹಗುರವಾಗಿಯೂ ಬಿರುಸಾಗಿಯೂ ಇರುವ ಅವು, ಆ ಭೀಕರವಾದ ನೀರಿನ ಸೆಳೆತಕ್ಕೆ ನೂರು ವರ್ಷ ಜಗ್ಗಲಿಲ್ಲ.

ಜಗ್ಗಿದುದು ಪರೀಕ್ಷೆಗೆ! ವಿಮೆಯವರಿಗೆ ಧಕ್ಕೆಯ ಬಲ ತಿಳಿಯಬೇಕೆಂದು 1970ನೆಯ ಇಸವಿಯ ಅಕ್ಟೋಬರ್ 17ರಂದು ಅದರ ಮೇಲೆ ನೀರಿನ ತೊಟ್ಟಿಗಳನ್ನು ಹೇರಿ ನೋಡಿದರು. ಎಂಟು ಅಂಕಣಗಳಲ್ಲಿ ಕೊನೆಯ ಎರಡು ಮುರಿದು ಬಿದ್ದುವು. ಮೂವತ್ತೈದು ವರ್ಷ ಮಕ್ಕಳನ್ನು ಪರೀಕ್ಷೆ ಮಾಡಿದವನು ನಾನು. ಈ ಸಂಗತಿಯನ್ನು ಕೇಳಿದಾಗ ಏನೇನೋ ನೆನಪಾದುವು, ಇರಲಿ. ಧಕ್ಕೆಯ ತುದಿಯು ದಡಕ್ಕೆ ಸಂಬಂಧವಿಲ್ಲದೆ ದ್ವೀಪದಂತೆ ಸಮುದ್ರದಲ್ಲಿ ಒಂಟಿಯಾಗಿ ನಿಂತಿತು.

ಅದನ್ನು ಕಟ್ಟಿ ಪ್ರಯೋಜನವೇನೆಂದು ಕೇಳಿದವರ ಮಾತು ಅವಿಚಾರದ್ದಲ್ಲ. 1886ರಲ್ಲಿ ಸೆವರ್ನ್ ನದಿಯಡಿಯ ರೈಲುಸುರಂಗವು ತೆರೆದಂದೇ ವೇಲ್ಸಿಗೆ ಹೋಗುವವರು ಹಡಗನ್ನು ಬಿಟ್ಟಿದ್ದರು; ಮುಂದೆ ಧಕ್ಕೆಯು ವಿಹಾರದ ಜನರಿಂದ ಜೀವಿಸುತ್ತಿತ್ತು. 1979ರಲ್ಲಿ ಸ್ಥಳೀಯ ಆಡಳಿತದವರು ಕೆಡವಲು ಅನುಮತಿ ಬೇಡಿದರು. ಊರವರು 1972ರಲ್ಲಿಯೇ ಸಂರಕ್ಷಣೆಯ ಸಂಘವನ್ನು ಕಟ್ಟಿಕೊಂಡಿದ್ದರು. 1980ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಆಗಿನ ಆಸ್ಥಾನಕವಿಯಾಗಿದ್ದ ಜಾನ್ ಬೆಟ್ಜಮನ್ನರೂ ಧಕ್ಕೆಯ ಪಕ್ಷ ವಹಿಸಿದರು. ಕೆಡಹುವುದು ತಪ್ಪಿತು, ಹಣ ಕೂಡುವುದು ಮಾತ್ರ ಸುಲಭವಾಗಲಿಲ್ಲ. ಊರವರ ವಂತಿಗೆಗೆ ರಾಷ್ಟ್ರದ ಪುರಾತನಸಂರಕ್ಷಣೆಯ ನಿಧಿಗಳೂ ಸೇರಿದ ಮೇಲೆ, 1985ರಲ್ಲಿ ಇಡೀ ಧಕ್ಕೆಯನ್ನು ಬಿಚ್ಚಿ ಸಮೀಪದ ಪೋರ್ಟಿಸ್‌ಹೆಡ್ ಹಡಗುಕಟ್ಟೆಗೆ ಸಾಗಿಸಿ, ರಿಪೇರಿ ಮಾಡಿ ತಂದು ಜೋಡಿಸಿದರು. 1989ರಲ್ಲಿ ಜನಕ್ಕೆ ತೆರೆಯಿತು. ತುದಿಯ ಮಂಟಪವೂ ಮುಗಿದುದು 1998ರಲ್ಲಿ. ಬಿದ್ದುದಕ್ಕೂ ಪೂರ್ತಿ ಎದ್ದುದಕ್ಕೂ ನಡುವೆ ಇಪ್ಪತ್ತೆಂಟು ವರ್ಷ. ಮೊದಲು ಚಂದಾ ಎತ್ತಿದವರಲ್ಲಿ ಎಷ್ಟು ಮಂದಿ ಅದನ್ನು ಕಂಡರೋ!

ಸಣ್ಣ ಶುಲ್ಕವನ್ನು ತೆತ್ತು ಒಳಗೆ ಹೋದೆವು. ನೆಲದ ಹಲಗೆಗಳಲ್ಲಿಯೂ ಬೆಂಚುಗಳಲ್ಲಿಯೂ ಚಿಕ್ಕಚಿಕ್ಕ ಹಿತ್ತಾಳೆಯ ತಗಡುಗಳು; ಅವುಗಳಲ್ಲಿ ಹಣ ಕೊಟ್ಟವರು ಬರೆಯಿಸಿದ ಹೆಸರುಗಳು. ತೀರಿಹೋದ ತಾಯಿಯ ಹೆಸರು, ಮದುವೆಯ ದಿನ, ಮಗುವಿನ ಹೆಸರು. ನಾನು ಬಗ್ಗಿ ಬಗ್ಗಿ ಓದುತ್ತ ಹಿಂದುಳಿದೆನು. ಟಿಕೆಟ್ಟು ಕೊಟ್ಟಿದ್ದ ಮುದುಕರು ಅಷ್ಟರಲ್ಲಿ ಅತ್ತ ಬಂದು, ಸಂಬಳವಿಲ್ಲದೆ ಸೇವೆಗೆ ಬರುವ ಊರವರಲ್ಲಿ ತಾವೂ ಒಬ್ಬರೆಂದರು. "ಈಗಲೂ ಹಡಗು ಬರುವುದುಂಟೇ?" ಎಂದು ಕೇಳಿದೆ. "ಬೇಸಗೆಯಲ್ಲಿ ಕೆಲವು ದಿನ ಬರುವುದುಂಟು. ಬಾರದ ದಿನಗಳಲ್ಲಿ ನಾವು ಬರುತ್ತೇವೆ" ಎಂದು ನಕ್ಕರು.

ಆ ನಗೆ ನನ್ನನ್ನು ಚುಚ್ಚಿತು. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮೂರ ತಾರಿಯ ಧಕ್ಕೆಯ ಕಲ್ಲುಗಳು ಕಳಚುತ್ತಿದ್ದಾಗ, ಮುದಿ ಅಂಬಿಗನೊಬ್ಬನು ಸರ್ಕಾರಕ್ಕೆ ಬರೆದ ಅರ್ಜಿಯನ್ನು ಹಿಡಿದು ನನ್ನ ಶಾಲೆಗೆ ಬಂದಿದ್ದನು. "ಸೇತುವೆಯಾದ ಮೇಲೆ ಧಕ್ಕೆ ಯಾತಕ್ಕೋ?" ಎಂದೆ. "ಸಂಜೆ ಕೂರುವುದಕ್ಕೆ, ಮಾಸ್ತರೇ" ಎಂದನು. ನಾನು ನಗಾಡಿದೆ, ರುಜು ಹಾಕಲಿಲ್ಲ. ಮಾಸ್ತರರೇ ಹಾಕಲಿಲ್ಲವೆಂದು ಉಳಿದವರೂ ಹಾಕಲಿಲ್ಲ.

ನಾವು ತುದಿಯ ಮಂಟಪವನ್ನು ಮುಟ್ಟುವ ಹೊತ್ತಿಗೆ ಉಬ್ಬರ ಏರತೊಡಗಿ, ಕೆಸರುಬಯಲೆಲ್ಲ ಮುಚ್ಚಿ, ನೀರು ಹಳಿಗಳ ಸುತ್ತ ಸುಳಿಯುತ್ತ ಮೇಲೇರುತ್ತಿತ್ತು. ಆಚೆಯ ದಡದಲ್ಲಿ ವೇಲ್ಸಿನ ಗುಡ್ಡಗಳು ನೀಲಿಯಾಗಿ ಕಂಡುವು. ಮಗನು, "ಅಪ್ಪಾ, ಯಾಕೆ ಸುಮ್ಮನಾದಿರಿ?" ಎಂದನು. ಚಳಿಯೆಂದು ಹೇಳಿದೆ.

ಆ ರಾತ್ರಿಯೇ ಊರಿನ ಸ್ನೇಹಿತರಿಗೆ, ಧಕ್ಕೆಯ ಕಲ್ಲುಗಳು ಇನ್ನೂ ಇವೆಯೇ ನೋಡಿ ತಿಳಿಸಿರೆಂದು ಬರೆದೆನು. ಉತ್ತರ ಬಂದಿತು: ಮೇಲಿನ ಕಟ್ಟೆ ಹೋಗಿದೆ, ಇಳಿತದಲ್ಲಿ ಮೂರು ಮೆಟ್ಟಿಲುಗಳು ಕಾಣುತ್ತವೆ, ಸಂಜೆ ಹುಡುಗರು ಅಲ್ಲಿ ಕುಳಿತು ಗಾಳ ಹಾಕುತ್ತಾರೆ.