ಮೂರನೆಯ ರಿಲೇ

ತಂದೆಯವರ ಹಳೆಯ ಅಂಬಾಸಿಡರಿಗೆ ಹೊಸ ವೈರಿಂಗು ಬೇಕಾಯಿತು. ಬಾನೆಟ್ಟಿನಡಿ ಅವರು ಹಾಕಿಸಿದ್ದ ಮೂರು ರಿಲೇಗಳು. ಮೂರಕ್ಕೂ ಒಂದೇ ಮುಖ. ಯಾವುದು ಯಾವುದಕ್ಕೆಂದು ಹೇಳಬೇಕಾದವರೇ ಈಗ ಇಲ್ಲ.

“ಬುಡದ ಅಂಕಿ ನೋಡಿ, ಮೇಷ್ಟ್ರೇ” ಎಂದರು ಮೆಕ್ಯಾನಿಕ್ಕು. 85, 86 ಸುರುಳಿಯ ತುದಿಗಳು. ಸ್ವಿಚ್ಚಿನ ಸಣ್ಣ ವಿದ್ಯುತ್ತು ಅಲ್ಲಿ ಹರಿದರೆ ಸುರುಳಿ ಅಯಸ್ಕಾಂತವಾಗಿ, 30ಕ್ಕೆ ಬಂದ ಬ್ಯಾಟರಿಯ ದೊಡ್ಡ ವಿದ್ಯುತ್ತನ್ನು 87ಕ್ಕೆ ದಾಟಿಸುತ್ತದೆ. ನಾನು ಸ್ವಿಚ್ಚು ಒತ್ತಿದೆ; ಅವರು ಬೆರಳಿಟ್ಟು ಕಾದರು. ‘ಟಿಕ್’ ಎಂದು ಒಂದು ಹಾರನ್ನಿಗೆ, ಇನ್ನೊಂದು ಹೆಡ್‌ಲೈಟಿಗೆ ಓಗೊಟ್ಟಿತು. ಮೂರನೆಯದು ಮೌನಿ.

ಅದರ 87ರ ತಂತಿ ಹಿಡಿದು ಹೋದರೆ ಬಂಪರಿನ ಬಳಿ ತುಂಡಾಗಿ ನಿಂತಿತ್ತು. ಮಡಿಕೇರಿಯ ಮಂಜಿಗೆಂದು ತಂದೆ ಹಾಕಿಸಿದ್ದ ದೀಪವೂ ಅದರ ಸ್ವಿಚ್ಚೂ ಎಂದೋ ಹೋಗಿದ್ದವು. 30ರಲ್ಲಿ ಮಾತ್ರ ವಿದ್ಯುತ್ತು ಇನ್ನೂ ಕಾದಿತ್ತು.

“ಕಿತ್ತುಹಾಕಲೇ?” ಎಂದರು.

“ಬೇಡಿ, ದೀಪವನ್ನೇ ತರುತ್ತೇನೆ” ಎಂದೆ.